ಒಳಬಂದ ವೇಳೆ

ಮೇಲ್ಸೇತುವೆಯ ಏರು ಮುಗಿಯಲು ಇನ್ನು ನಾಲ್ಕು ಮಾರು ಇದೆ ಎನ್ನುವಾಗ ಬಸ್ಸು ನಿಂತಿತು. ಹಳೆಯ ಡೀಸೆಲ್ ಬಸ್ಸಾಗಿದ್ದರೆ ಕೆಮ್ಮಿ, ನರಳಿ, ಒಂದಿಷ್ಟು ಹೊಗೆ ಬಿಟ್ಟು, ನಾಲ್ಕು ಜನಕ್ಕೆ ಗೊತ್ತಾಗುವ ಹಾಗೆ ನಿಲ್ಲುತ್ತಿತ್ತು. ಇದು ಕರೆಂಟಿನ ಬಸ್ಸು. ಮಾತಿನ ಮಧ್ಯೆ ನಿದ್ದೆಹೋದ ಅಜ್ಜನ ಹಾಗೆ ತೆಪ್ಪಗೆ ನಿಂತಿತು.

"ಇಳೀರಪ್ಪ, ಎಲ್ಲ ಇಳೀರಿ. ಇದರ ಹೊಟ್ಟೆ ಖಾಲಿ," ಎಂದ ಡ್ರೈವರು, ಎದುರಿನ ಪರದೆಯ ಕೆಂಪು ದೀಪವನ್ನು ಬೆರಳಿನಿಂದ ಕುಟ್ಟುತ್ತ.

"ತಳ್ಳೋಣ್ವಾ?"

"ತಳ್ಳೋಕೆ ಇದೇನು ಎತ್ತಿನ ಗಾಡೀನಾ? ಚಕ್ರಾನೇ ಬಿಗಿದುಕೊಂಡು ಕೂತಿದೆ."

"ಬಿಸಿಲಲ್ಲಿ ಓಡೋ ಬಸ್ಸು ಅಂತ ಬರೆದಿದಾರಲ್ಲ ಮೈಮೇಲೆ! ಹೊರಗೆ ನೋಡಿ, ಬೆನ್ನು ಸುಡೋ ಬಿಸಿಲು. ಇನ್ನೆಂಥ ಬಿಸಿಲು ಬೇಕಂತೆ ಇದಕ್ಕೆ?"

"ಈ ಪ್ಲಾನು ಮಾಡಿದ ಪುಣ್ಯಾತ್ಮ ಎಲ್ಲಿದಾನೋ!"

"ಅವನೆಲ್ಲಿ ಬಸ್ಸಲ್ಲಿ ಬರ್ತಾನೆ? ಕಾರಲ್ಲಿ ಹೋಗಿರ್ತಾನೆ ಬಿಡಿ."

ಬಸ್ಸಿಡೀ ನಕ್ಕಿತು. ಮೂರನೆಯ ಸಾಲಿನ ಕಿಟಕಿಯ ಪಕ್ಕ ಕೂತಿದ್ದ ಅವಳೂ ನಕ್ಕಳು. ನಗುತ್ತಲೇ ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ಮೆಲ್ಲನೆ ಬಿಚ್ಚಿ ಚೀಲದೊಳಗೆ ಇಳಿಸಿದಳು. ಸಾರಿಗೆ ಇಲಾಖೆ, ಯೋಜನಾ ವಿಭಾಗ, ಸಹಾಯಕ ಇಂಜಿನಿಯರ್ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಪ್ಲಾನು ಮಾಡಿದ ಪುಣ್ಯಾತ್ಮ ಅವಳೇ. ಆಮೇಲೆ ಎಷ್ಟೋ ದಿನ ಅವಳನ್ನು ಚುಚ್ಚಿದ್ದು ಬಸ್ಸು ನಿಂತದ್ದಲ್ಲ, ತಾನು ನಕ್ಕದ್ದು.

ಪಕ್ಕದಲ್ಲಿದ್ದ ಮುದುಕಿಗೆ ಕಣ್ಣು ಮಂಜು. ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಅವರ ಸರದಿ. ಆ ಸರದಿಗಾಗಿ ಮೂರು ತಿಂಗಳು ಕಾದಿದ್ದರಂತೆ. ಅವಳು ಅವರ ಕೈ ಹಿಡಿದು ಇಳಿಸಿದಳು, ಸೇತುವೆಯ ಬದಿಯ ಕಟ್ಟೆಗೆ ಒತ್ತಿಕೊಂಡು ಕೆಳಗಿನ ವೃತ್ತದವರೆಗೆ ನಡೆಸಿದಳು, ಆಟೋ ಹತ್ತಿಸಿದಳು.

"ಹೋಗ್ಲಿ ಬಿಡು ತಾಯಿ, ಯಾರದೋ ಎಡವಟ್ಟು, ನಮ್ಮ ಹಣೆಬರಹ," ಎಂದರು ಮುದುಕಿ, ಅವಳ ಗಲ್ಲ ಸವರಿ. "ನಿನ್ನ ಹೆತ್ತವರು ಪುಣ್ಯವಂತರು."

ಆಗ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿ ಅಷ್ಟು ಸುಲಭಕ್ಕೆ ಬಾಯಿಬಿಡುವುದಿಲ್ಲ. ಅವಳೂ ಬಿಡಲಿಲ್ಲ.

ಎಡವಟ್ಟು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಡಿಪೋದ ಅಂಗಳಕ್ಕೆ ಎತ್ತರದ ಚಾವಣಿ, ಚಾವಣಿಯ ತುಂಬ ಸೌರ ಫಲಕಗಳು, ಕೆಳಗೆ ಹನ್ನೆರಡು ಬಸ್ಸಿಗೆ ಹನ್ನೆರಡು ಚಾರ್ಜರು. ಬೆಳಗಿನ ಪಾಳಿ ಮುಗಿಸಿದ ಬಸ್ಸುಗಳು ಮಧ್ಯಾಹ್ನ ಡಿಪೋದೊಳಗೆ ಬಂದು ಒಂದೂವರೆ ಗಂಟೆ ಕಾಲ ನಿಲ್ಲುತ್ತವೆ. ಬಿಸಿಲು ನೆತ್ತಿಯ ಮೇಲಿರುವ ಹೊತ್ತೂ ಅದೇ. ಬಿಸಿಲಿನಿಂದ ನೇರ ಬಸ್ಸಿನ ಹೊಟ್ಟೆಗೆ. ನಡುವೆ ಕರೆಂಟು ಕೂಡಿಡುವ ದೊಡ್ಡ ಬ್ಯಾಟರಿ ಬೇಡ, ಹೊರಗಿನಿಂದ ದಪ್ಪ ತಂತಿ ಎಳೆಯುವುದೂ ಬೇಡ. ವರದಿಯಲ್ಲಿ ಅವಳು ಒಂದು ಚಿತ್ರ ಬಿಡಿಸಿದ್ದಳು. ಒಂದು ಬೆಟ್ಟ ಬಿಸಿಲಿನದು, ಇನ್ನೊಂದು ಬೆಟ್ಟ ಒಳಗೆ ನಿಂತ ಬಸ್ಸುಗಳದು. ಎರಡೂ ಅಚ್ಚು ಹೊಯ್ದಂತೆ ಒಂದರ ಮೇಲೊಂದು ಕೂತಿದ್ದವು. ಅವಳ ಮೇಲಿನವರಾದ ದೊಡ್ಡ ಇಂಜಿನಿಯರಿಗೆ ಆ ಚಿತ್ರ ಎಷ್ಟು ಹಿಡಿಸಿತೆಂದರೆ, ಅದನ್ನು ದೊಡ್ಡದಾಗಿ ಮುದ್ರಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿಸಿಕೊಂಡಿದ್ದರು.

ಬಿಸಿಲಿನ ಬೆಟ್ಟ ನಿಜದ್ದು. ಬಸ್ಸಿನ ಬೆಟ್ಟವನ್ನು ಅವಳು ಡಿಪೋದ ಪುಸ್ತಕದಿಂದ ಕಟ್ಟಿದ್ದಳು. ಆ ಪುಸ್ತಕದಲ್ಲಿ 'ಒಳಬಂದ ವೇಳೆ' ಎಂದೊಂದು ಕಾಲಂ. ಅದರಲ್ಲಿ ಹನ್ನೆರಡು ನಲವತ್ತು, ಹನ್ನೆರಡು ಐವತ್ತು, ಒಂದು ಐದು ಎಂದು ಮುತ್ತು ಪೋಣಿಸಿದಂತೆ ಬರವಣಿಗೆ. ಆದರೆ ಮಧ್ಯಾಹ್ನ ಒಂದು ಬಸ್ಸೂ ಒಳಗೆ ಬರುತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ಬಂದಿರಲಿಲ್ಲ. ಏಳು ಕಿಲೋಮೀಟರು ಖಾಲಿ ಬಂದು ಖಾಲಿ ಹೋಗುವುದು ಡೀಸೆಲ್ಲಿಗೆ ದಂಡ ಎಂದು ಹಿಂದಿನ ಮ್ಯಾನೇಜರರೊಬ್ಬರು ಬಾಯಿಮಾತಿನಲ್ಲಿ ನಿಲ್ಲಿಸಿಬಿಟ್ಟಿದ್ದರು. ಬಸ್ಸುಗಳು ಊರ ನಡುವಿನ ನೀರಿನ ಟ್ಯಾಂಕಿನ ತಿರುವಿನಲ್ಲಿ ರಸ್ತೆಬದಿಗೆ ನಿಲ್ಲುತ್ತಿದ್ದವು. ಅಲ್ಲೇ ಊಟ, ಅಲ್ಲೇ ಪಾಳಿ ಬದಲು. ನಿಯಮ ಮಾತ್ರ ಹಾಗೇ ಉಳಿದಿತ್ತು, ಕಾಲಮ್ಮೂ ಉಳಿದಿತ್ತು, ಖಾಲಿ ಬಿಟ್ಟರೆ ಮೇಲಿನಿಂದ ಪ್ರಶ್ನೆ ಬರುತ್ತಿತ್ತು. ಅದಕ್ಕೇ ತುಂಬುತ್ತಿದ್ದರು.

ಹೀಗಾಗಿ ಈಗ ಮಧ್ಯಾಹ್ನ ಚಾವಣಿಯ ಮೇಲೆ ಬಿಸಿಲು ಧೋ ಎಂದು ಸುರಿಯುತ್ತದೆ, ಕೆಳಗೆ ಚಾರ್ಜರುಗಳು ಬಾಯಿ ತೆರೆದು ನಿಂತಿರುತ್ತವೆ, ಅಂಗಳದಲ್ಲಿ ಗುಜರಿಗೆ ಕಾದ ಹಳೆಯ ಬಸ್ಸೊಂದರ ಕೆಳಗೆ ನಾಯಿ ಮಲಗಿರುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಹನ್ನೆರಡೂ ಬಸ್ಸು ಹಸಿದುಕೊಂಡು ಬರುತ್ತವೆ. ಸಣ್ಣ ತಂತಿಯಲ್ಲಿ ಬೆಳಗಾಗುವುದರೊಳಗೆ ನಾಲ್ಕು ಬಸ್ಸಿಗೆ ಹೊಟ್ಟೆ ತುಂಬಿದರೆ ಹೆಚ್ಚು. ಮಧ್ಯಾಹ್ನ ಒಳಗೇ ಬನ್ನಿ ಎಂದು ಆಜ್ಞೆಯನ್ನೂ ಹೊರಡಿಸಿ ನೋಡಿದರು. ಈಗಿನ ದಟ್ಟಣೆಯಲ್ಲಿ ಬರಲು ನಲವತ್ತು ನಿಮಿಷ, ಹೋಗಲು ನಲವತ್ತು. ಚಾರ್ಜಿಗೆ ಉಳಿದದ್ದು ಹತ್ತು.

"ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅಂತ ಗಾದೆ ಕೇಳಿದ್ದೆ," ಎಂದಿದ್ದ ಒಬ್ಬ ಡ್ರೈವರು ಖಾಲಿ ಅಂಗಳ ನೋಡಿ. "ಅದಕ್ಕೆ ಇಷ್ಟು ದೊಡ್ಡ ಚಾವಣಿ ಕಟ್ತಾರೆ ಅಂತ ಗೊತ್ತಿರಲಿಲ್ಲ."

ಇದೆಲ್ಲ ಗೊತ್ತಾಗದೆ ಆದ ತಪ್ಪಾಗಿದ್ದರೆ ಅವಳು ತಲೆ ತಗ್ಗಿಸಿ, ನಾಲ್ಕು ದಿನ ಅತ್ತು, ಸುಮ್ಮನಾಗುತ್ತಿದ್ದಳೇನೋ. ಆದರೆ ಅವಳಿಗೆ ಒಬ್ಬರು ಹೇಳಿದ್ದರು.

ಹೇಳಿದವರು ಡಿಪೋದ ಟೈಂ ಕೀಪರು. ಬಸ್ಸು ಯಾವಾಗ ಹೊರಟಿತು, ಯಾವಾಗ ಬಂತು ಎಂದು ಬರೆಯುವುದು ಅವರ ಕೆಲಸ. ಮೂವತ್ತನಾಲ್ಕು ವರ್ಷದಿಂದ ಅದೇ ಕೆಲಸ, ಅದೇ ಗಾಜಿನ ಕಿಂಡಿ. ಡಿಪೋದವರೆಲ್ಲ ಅವರನ್ನು ಗಡಿಯಾರ ಎನ್ನುತ್ತಿದ್ದರು. ಅವಳಿಗೆ ಗಡಿಯಾರ ಮಾವ. ಅವಳ ಅಪ್ಪ ಅಲ್ಲೇ ಡ್ರೈವರಾಗಿದ್ದರು. ಶಾಲೆಗೆ ಹೋಗುವ ಹುಡುಗಿಯನ್ನು ಮಾವ ಎತ್ತಿ ಅಪ್ಪನ ಬಸ್ಸಿನ ಬಾನೆಟ್ಟಿನ ಮೇಲೆ ಕೂರಿಸುತ್ತಿದ್ದರು. ದಿನವೂ ಒಂದೇ ಆಟ. "ಮಾವ, ಎಷ್ಟು ಗಂಟೆ?" ಎಂದು ಅವಳು ಕೇಳಬೇಕು. ಅವರು ಕೈಗಡಿಯಾರದ ಮೇಲೆ ಅಂಗೈ ಮುಚ್ಚಿಕೊಂಡು, "ಏಳು ಹದಿಮೂರು, ಪುಟ್ಟಿ," ಎನ್ನಬೇಕು. ಆಮೇಲೆ ಕೈ ತೆಗೆದು ತೋರಿಸಬೇಕು. ಏಳು ಹದಿಮೂರೇ ಆಗಿರುತ್ತಿತ್ತು.

ಹೋದ ವರ್ಷ ಜಾಗ ನೋಡಲು ಬಂದ ದಿನ ಅವಳ ಜೊತೆ ದೊಡ್ಡ ಇಂಜಿನಿಯರೂ, ಫಲಕ ಹಾಕುವ ಕಂಪನಿಯ ಇಬ್ಬರೂ ಇದ್ದರು. ಮಿರಿಮಿರಿ ಮಿಂಚುವ ಬೂಟಿನ ಜನ. ಆಯಿಲ್ ಚೆಲ್ಲಿದ ನೆಲದ ಮೇಲೆ ಅವರು ಕೊಕ್ಕರೆಯ ಹಾಗೆ ಕಾಲಿಡುತ್ತಿರುವಾಗ, ಮಾವ ಒಂದು ಕೈಯಲ್ಲಿ ಚಹಾದ ಲೋಟ, ಕಿವಿಯ ಮೇಲೆ ಪೆನ್ಸಿಲು, ಗುಂಡಿ ಕಿತ್ತ ಅಂಗಿ, ದೂರದಿಂದಲೇ ಕೂಗುತ್ತ ಬಂದರು.

"ಏ ಪುಟ್ಟೀ! ಆ ಪುಸ್ತಕ ಒಯ್ದಿದ್ಯಂತಲ್ಲ? ಆ ಕಾಲಂ ನಂಬಿ ಏನೂ ಕಟ್ಬೇಡ ಕಣಮ್ಮ. ಅದು ನಾವು ಹೊಟ್ಟೆಪಾಡಿಗೆ ತುಂಬೋದು. ಮಧ್ಯಾಹ್ನ ಇಲ್ಲಿ ಕಾಗೇನೂ ಬರಲ್ಲ. ಹಾಕೋದಾದ್ರೆ ನೀರಿನ ಟ್ಯಾಂಕಿನ ತಿರುವಲ್ಲಿ ಹಾಕಿ. ಬಸ್ಸು ನಿಲ್ಲೋದು ಅಲ್ಲಿ."

ಬೂಟಿನವರಲ್ಲಿ ಒಬ್ಬ ತುಟಿಯಂಚಿನಲ್ಲಿ ನಕ್ಕು, "ಪುಟ್ಟೀನಾ?" ಎಂದ. ದೊಡ್ಡ ಇಂಜಿನಿಯರು ಫೋನಿನಲ್ಲಿದ್ದರು, ಏನೂ ಕೇಳಿಸಿಕೊಂಡಿರಲಿಲ್ಲ. ಅವಳ ಕಿವಿ ಕೆಂಪಗಾಯಿತು. ಮಾವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಸಣ್ಣ ದನಿಯಲ್ಲಿ ಹೇಳಿದಳು:

"ಮಾವ, ಇಲ್ಲಿ ನನ್ನ ಮೇಡಂ ಅಂತ ಕರೀರಿ, ದಯವಿಟ್ಟು. ಮತ್ತೆ ಆ ಪುಸ್ತಕ ನೀವೇ ಬರೆದದ್ದಲ್ವಾ? ದಾಖಲೆ ಹೇಗಿದೆಯೋ ನಾವು ಹಾಗೇ ಹೋಗ್ಬೇಕು."

ಮಾವ ಲೋಟ ಎಡಗೈಗೆ ವರ್ಗಾಯಿಸಿ ಬಲಗೈಯಲ್ಲಿ ಸಲಾಮು ಹೊಡೆದರು. "ಹೌದಲ್ಲ! ತಪ್ಪಾಯ್ತು, ಮೇಡಂ." ಅವರು ನಗುತ್ತಲೇ ಹೇಳಿದ್ದರು. ಅವಳೂ ನಕ್ಕು ಹೊರಟುಬಂದಿದ್ದಳು.

ಆದರೂ ಅವಳು ಶ್ರದ್ಧೆಯ ಹುಡುಗಿ. ಅಂದೇ ತನ್ನ ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡಿದ್ದಳು: 'ಮಧ್ಯಾಹ್ನ ಬಸ್ಸು ಒಳಗೆ ಬರುವುದಿಲ್ಲವೆಂದು ಟೈಂ ಕೀಪರ್ ಹೇಳಿಕೆ. ಟ್ಯಾಂಕ್ ತಿರುವು. ಹೋಗಿ ನೋಡಬೇಕು.' ನೋಡಬೇಕು ಎಂಬುದರ ಕೆಳಗೆ ಎರಡು ಗೆರೆ. ವರದಿಗೆ ಹತ್ತೇ ದಿನ ಇತ್ತು. ತಿರುವಿನ ಜಾಗ ಇಲಾಖೆಯದಲ್ಲ, ಕೇಳಿದರೆ ವರ್ಷ ಹಿಡಿಯುತ್ತದೆ. ಹೋಗಿ ನೋಡಿದರೆ ಬಸ್ಸಿನ ಬೆಟ್ಟ ಕುಸಿಯುತ್ತದೆಂದು ಅವಳಿಗೆ ಒಳಗೊಳಗೇ ಗೊತ್ತಿತ್ತು. ಹೋಗಲಿಲ್ಲ. ಕೇಳಿದ್ದನ್ನು ವರದಿಯಲ್ಲಿ ಒಂದು ಸಾಲಾಗಿಯಾದರೂ ಹಾಕಬಹುದಿತ್ತು. ಹಾಕಲಿಲ್ಲ.

ಸೇತುವೆಯ ಮೇಲೆ ಬಸ್ಸು ನಿಂತ ಮರುವಾರ ವಿಚಾರಣೆ ನಡೆಯಿತು. ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಎರಡು ಮೇಜು ಕೂಡಿಸಿ, ಮೇಲೆ ಹಸಿರು ಬಟ್ಟೆ ಹಾಸಿದ್ದರು. ಗೋಡೆಗೆ ಒರಗಿಸಿದ ಲೋಹದ ಮಂಚಗಳು, ಮೊಳೆಗೆ ತೂಗಿದ ಖಾಕಿ ಅಂಗಿಗಳು, ಬಾಗಿಲ ಮೇಲೆ ಒಂದು ದುಂಡು ಗಡಿಯಾರ. ಕೇಂದ್ರ ಕಚೇರಿಯಿಂದ ಬಂದಿದ್ದ ವಿಚಾರಣಾಧಿಕಾರಿ ಸಣಕಲು ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸುತ್ತಿದ್ದರು. ದೊಡ್ಡ ಇಂಜಿನಿಯರು ಅವರ ಪಕ್ಕ. ಅವಳು ಬೆಂಚಿನ ತುದಿಯಲ್ಲಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು. ಚೀಲದೊಳಗೆ ನೀಲಿ ನೋಟುಬುಕ್ಕು ಇತ್ತು. ತೋರಿಸಲೆಂದೇ ತಂದಿದ್ದಳು. ಅಥವಾ ತೋರಿಸಲೆಂದು ತಂದಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳಲು ತಂದಿದ್ದಳು.

"ಈ ಅಕ್ಷರ ನಿಮ್ಮದೇನಾ?" ಅಧಿಕಾರಿ ಪುಸ್ತಕ ತಿರುಗಿಸಿದರು.

"ನಂದೇ ಸಾರ್."

"ಬಸ್ಸು ಒಳಗೆ ಬಂದಿರಲಿಲ್ಲ. ಬಂತು ಅಂತ ಬರೆದಿದೀರಿ. ಹದಿನಾಲ್ಕು ವರ್ಷ!"

"ಬರಿ ಅಂದ್ರು, ಬರೆದೆ ಸಾರ್."

"ಯಾರು ಅಂದ್ರು?"

"ಅಂದೋರು ಈಗಿಲ್ಲ ಸಾರ್, ತೀರಿಕೊಂಡ್ರು. ಬಾಯಲ್ಲಿ ಅಂದಿದ್ದು. ಬಾಯಿಗೆ ಕಾಲಂ ಇರಲ್ಲವಲ್ಲ."

ಹಿಂದೆ ನಿಂತಿದ್ದ ಡ್ರೈವರುಗಳು ಕಿಸಕ್ಕೆಂದರು. ಅಧಿಕಾರಿ ಮುಖ ಗಂಟಿಕ್ಕಿದರು.

"ನಿಮ್ಮ ಈ ಸುಳ್ಳು ದಾಖಲೆ ನಂಬಿ ಇಷ್ಟು ದೊಡ್ಡ ಯೋಜನೆ ಹಾಕಿದಾರೆ. ಒಂದೇ ಮಾತು ಕೇಳ್ತೀನಿ, ಸರಿಯಾಗಿ ಹೇಳಿ. ಯೋಜನೆಯವರು ಇಲ್ಲಿಗೆ ಬಂದಿದ್ರಲ್ಲ, ಆಗ ನೀವು ಅವರಲ್ಲಿ ಯಾರಿಗಾದ್ರೂ ಹೇಳಿದ್ರಾ, ಇದು ನಿಜ ಅಲ್ಲ ಅಂತ?"

ಮಾವ ತಲೆಯೆತ್ತಿ ಬಾಗಿಲ ಮೇಲಿನ ಗಡಿಯಾರ ನೋಡಿದರು. ನೋಡುತ್ತಲೇ ಇದ್ದರು. ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಳು ಅವಳು. ಈಗ ಹೇಳುತ್ತಾರೆ, ಎಲ್ಲರೂ ನನ್ನ ಕಡೆ ತಿರುಗುತ್ತಾರೆ ಎಂದು ಚೀಲವನ್ನು ಎದೆಗವಚಿಕೊಂಡಳು. ಬಾಯಿ ತೆರೆದಳು. ಬಂದದ್ದು ಕೆಮ್ಮು.

"ಇಲ್ಲ ಸಾರ್," ಎಂದರು ಮಾವ. "ಯಾರಿಗೂ ಹೇಳಿಲ್ಲ."

ಹೇಳಿ, ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವಳ ಕಡೆ ಸರಿಸಿದರು. ಅವಳು ಕುಡಿದಳು. ಹೇಳಿಕೆಯ ಕೆಳಗೆ ಹಾಜರಿದ್ದವರ ಸಹಿ ಬೇಕೆಂದಾಗ ಸಹಿಯನ್ನೂ ಹಾಕಿದಳು. ಅಕ್ಷರ ಎಂದಿನಂತೆ ದುಂಡಗೆ ಬಂತು. ಅದನ್ನು ನೋಡಿ ಅವಳಿಗೇ ಭಯವಾಯಿತು.

ನಿವೃತ್ತಿಗೆ ಐದು ತಿಂಗಳಿದ್ದ ಟೈಂ ಕೀಪರಿಗೆ ಸುಳ್ಳು ದಾಖಲೆಯ ಆರೋಪಪಟ್ಟಿ ಕೈಗೆ ಬಂತು. ದೊಡ್ಡ ಇಂಜಿನಿಯರು ಹೊರಗೆ ಬಂದು, "ಸದ್ಯ, ನಮ್ಮ ಕುತ್ತಿಗೆಗೆ ಬರಲಿಲ್ಲ," ಎಂದು ಅವಳ ಮುಂದೆಯೇ ನಿಟ್ಟುಸಿರು ಬಿಟ್ಟರು.

ಮನೆಗೆ ಬಂದಾಗ ಅಪ್ಪ ಬಟ್ಟೆಯ ಕಪಾಟಿನ ಬಾಗಿಲಿಗೆ ಎಣ್ಣೆ ಬಿಡುತ್ತಿದ್ದರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕಿರುಗುಟ್ಟುವ ಯಾವ ವಸ್ತುವನ್ನೂ ಅವರು ಸುಮ್ಮನೆ ಬಿಡುತ್ತಿರಲಿಲ್ಲ.

"ಗಡಿಯಾರನ ತಲೆಗೆ ಕಟ್ಟಿದ್ರಂತೆ?" ಎಂದರು, ತಿರುಗದೆ.

"ಹೂಂ."

"ಯಾರಿಗೂ ಹೇಳ್ಲಿಲ್ಲ ಅಂದನಂತೆ. ಅದು ಆಗದ ಮಾತು. ಅವನ ಬಾಯಲ್ಲಿ ಎಳ್ಳು ನೆನೆಯಲ್ಲ. ಮೂವತ್ತು ವರ್ಷ ಜೊತೆಗೆ ಉಂಡೋನು ನಾನು. ಯಾರನ್ನೋ ಕಾಪಾಡ್ತಿದಾನೆ."

ಅವಳು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದಳು. ಚಪ್ಪಲಿ ಬಿಟ್ಟಾಗಿತ್ತು. ಅಪ್ಪ ಬಾಗಿಲನ್ನು ಎರಡು ಸಲ ಆಚೆ ಈಚೆ ಆಡಿಸಿದರು.

"ನೀನು ಹುಟ್ಟಿದ ದಿನ ನಾನು ಮೂರು ಗಂಟೆ ತಡ. ಆಸ್ಪತ್ರೇಲಿ ಕೂತುಬಿಟ್ಟಿದ್ದೆ, ಡ್ಯೂಟಿ ಅನ್ನೋದೇ ಮರೆತುಹೋಗಿತ್ತು. ಆಗಷ್ಟೇ ಕೆಲಸ ಸಿಕ್ಕಿತ್ತು, ಕಳಕೊಂಡೆ ಅಂದ್ಕೊಂಡು ಓಡ್ಕೊಂಡು ಹೋದ್ರೆ, ಪುಸ್ತಕದಲ್ಲಿ ನನ್ನ ಬಸ್ಸು ಸರಿಯಾದ ಹೊತ್ತಿಗೆ ಹೊರಟಿದೆ! ಇನ್ನೊಬ್ಬನ ಕೈಲಿ ಓಡಿಸಿ, ನನ್ನ ಹೆಸರು ಬರೆದಿದ್ದ. 'ಹೆಣ್ಣೋ ಗಂಡೋ' ಅಂತ ಕೇಳ್ದ ಅಷ್ಟೇ. ಆ ಪುಸ್ತಕದಲ್ಲಿ ಸುಳ್ಳಿದೆ ಅಂತಾರಲ್ಲ, ಇದೆ. ನಿನ್ನ ಹುಟ್ಟೂ ಅದರಲ್ಲಿದೆ."

"ಅಪ್ಪ..."

"ನಾನು ಕೇಳಲ್ಲ. ಕೇಳಿದ್ರೆ ನೀನು ಹೇಳ್ಬೇಕಾಗುತ್ತೆ."

"ಊಟಕ್ಕೆ ಬಡಿಸ್ಲಾ?"

"ನೀನು ಮಾಡು. ನಂಗೆ ಹಸಿವಿಲ್ಲ."

ಹಸಿವಿಲ್ಲ ಎಂದು ಅಪ್ಪ ಹೇಳಿದ್ದನ್ನು ಅವಳು ಅದೇ ಮೊದಲು ಕೇಳಿದ್ದು.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗದೆ ನೇರ ಡಿಪೋಗೆ ಹೋದಳು. ಮಾವ ಗಾಜಿನ ಕಿಂಡಿಯ ಹಿಂದೆ ಕೂತಿದ್ದರು. ಹೊರಡುವ ಬಸ್ಸುಗಳ ಚೀಟಿಗೆ ಒಂದೊಂದಾಗಿ ಮುದ್ರೆ ಒತ್ತುತ್ತಿದ್ದರು. ಕೊನೆಯ ಬಸ್ಸು ಹೋಗುವವರೆಗೆ ಅವಳು ಕಾದಳು.

"ಮಾವ, ನನ್ನ ಹತ್ರ ನೋಟುಬುಕ್ಕಿದೆ. ನೀವು ಹೇಳಿದ್ದು ಅದರಲ್ಲಿ ಇದೆ, ತಾರೀಖಿನ ಸಮೇತ. ಇವತ್ತೇ ಕೊಡ್ತೀನಿ."

ಮಾವ ಮುದ್ರೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು.

"ಕೊಟ್ರೆ ಏನಾಗುತ್ತೆ?"

"ತಪ್ಪು ನಂದು ಅಂತ ಗೊತ್ತಾಗುತ್ತೆ."

"ಆಮೇಲೆ? ನಾನು ನಿನ್ನೆ ಏನು ಹೇಳ್ದೆ? ಯಾರಿಗೂ ಹೇಳಿಲ್ಲ ಅಂದೆ. ನೀನು ಈಗ ನೋಟುಬುಕ್ಕು ಕೊಟ್ರೆ ನಾನು ಎರಡು ಸಲ ಸುಳ್ಳುಗಾರ. ಪುಸ್ತಕದ ಸುಳ್ಳು ಇಲಾಖೇದು, ಅದನ್ನ ನಾನು ಹೊತ್ಕೊಂಡು ಮನೆಗೆ ಹೋಗಬಲ್ಲೆ. ನಿನ್ನೆ ಹೇಳಿದ್ದು ನನ್ನ ಸ್ವಂತದ್ದು."

ಇದು ಅವಳಿಗೆ ಹೊಳೆದೇ ಇರಲಿಲ್ಲ. ತಪ್ಪು ಒಪ್ಪಿಕೊಂಡರೆ ಕೈ ತೊಳೆದುಕೊಂಡಂತೆ, ನೀರು ಎಲ್ಲಿ ಹರಿದುಹೋಗುತ್ತದೆ ಎಂದು ನೋಡಬೇಕಿಲ್ಲ ಎಂದುಕೊಂಡಿದ್ದಳು.

"ಮತ್ತೆ ಯಾಕೆ ಹಾಗೆ ಹೇಳಿದ್ರಿ, ಮಾವ?"

"ಕಾದೆ." ಮಾವ ಅವಳ ಮುಖವನ್ನೇ ನೋಡಿದರು. "ನೀನೇ ಎದ್ದು ಹೇಳ್ತೀಯ ಅಂತ ಕಾದೆ. ಗಡಿಯಾರ ನೋಡ್ಕೊಂಡು ಕಾದೆ, ಪೂರ್ತಿ ಒಂದು ನಿಮಿಷ. ಅರವತ್ತು ಆದ್ಮೇಲೂ ನೀನು ಏಳ್ಲಿಲ್ಲ. ಅಷ್ಟು ಜನರ ಮುಂದೆ ನಾನು ಎಳೆದು ನಿಲ್ಲಿಸಿದ್ರೆ ನೀನು ನಿಲ್ತಿದ್ದೆ, ನಿಜ. ಎಳೆಯೋಕೆ ಮನಸ್ಸು ಬರ್ಲಿಲ್ಲ."

"ನಾನು ಕೆಮ್ಮಿದೆ," ಎಂದಳು. ಎಂಥ ಮಾತಾಡಿದೆ ಎಂದು ನಾಲಿಗೆ ಕಚ್ಚಿಕೊಂಡಳು.

"ಕೇಳಿಸ್ತು," ಎಂದರು ಮಾವ. "ಹೋಗು, ಕಚೇರಿಗೆ ತಡ ಆಗುತ್ತೆ."

ಕಚೇರಿಯಲ್ಲಿ ಅವಳು ಮಧ್ಯಾಹ್ನದವರೆಗೆ ಒಂದು ಪುಟ ಬರೆದಳು. ಬರೆಯುವುದು ಅವಳಿಗೆ ಬರುತ್ತಿತ್ತು, ಅದೇ ತೊಂದರೆಯಾಯಿತು. 'ಸ್ಥಳೀಯ ಸಿಬ್ಬಂದಿಯಿಂದ ದೊರೆತ ಮಾಹಿತಿಯನ್ನು ಕಾಲಾವಕಾಶದ ಕೊರತೆಯಿಂದ ಪರಿಶೀಲಿಸಲಾಗಿಲ್ಲ' ಎಂದು ಮೊದಲು ಬರೆದಳು. ಓದಿ ನೋಡಿದರೆ ಆ ವಾಕ್ಯದಲ್ಲಿ ಮನುಷ್ಯರೇ ಇರಲಿಲ್ಲ. ಅವಳೂ ಇರಲಿಲ್ಲ, ಮಾವನೂ ಇರಲಿಲ್ಲ. ಅಳಿಸಿದಳು. ಎರಡನೆಯ ಸಲ ಮಾವನ ಸುಳ್ಳನ್ನು ಬಿಟ್ಟು ಬರೆದಳು, ಹೇಳಿಲ್ಲ ಎಂದು ಅವರೇ ಅಂದಿರುವಾಗ ಅದು ನಿಲ್ಲುವಂಥದಲ್ಲ. ಮೂರನೆಯ ಸಲ ಬರೆದದ್ದು ಹೀಗಿತ್ತು:

'ಮಧ್ಯಾಹ್ನ ಬಸ್ಸು ಡಿಪೋಗೆ ಬರುವುದಿಲ್ಲವೆಂದು ಟೈಂ ಕೀಪರು ನನಗೆ ಸ್ಪಷ್ಟವಾಗಿ ಹೇಳಿದ್ದರು. ನಾನು ಅದನ್ನು ಬರೆದುಕೊಂಡೆ, ಹೋಗಿ ನೋಡಲಿಲ್ಲ, ವರದಿಯಲ್ಲಿ ಮುಚ್ಚಿಟ್ಟೆ. ವಿಚಾರಣೆಯಲ್ಲಿ ಅವರು ಯಾರಿಗೂ ಹೇಳಿಲ್ಲ ಎಂದದ್ದು ನನ್ನನ್ನು ಉಳಿಸಲು. ಹಾಗೆನ್ನುವ ಮೊದಲು ಅವರು ನನಗೆ ಮಾತಾಡಲು ಸಮಯ ಕೊಟ್ಟರು. ನಾನು ಅಲ್ಲೇ ಕೂತಿದ್ದೆ. ಮಾತಾಡಲಿಲ್ಲ. ನೀರು ಕುಡಿದು ಸಹಿ ಹಾಕಿದೆ.'

ಕೊನೆಯ ಸಾಲು ಬೇಕಿರಲಿಲ್ಲವೇನೋ. ಆದರೂ ಬಿಟ್ಟಳು. ಅದಿಲ್ಲದಿದ್ದರೆ ಮಿಕ್ಕದ್ದೆಲ್ಲ ಒಳ್ಳೆಯ ಹುಡುಗಿಯೊಬ್ಬಳ ಬರವಣಿಗೆಯಂತೆ ಕಾಣುತ್ತಿತ್ತು.

ದೊಡ್ಡ ಇಂಜಿನಿಯರು ಓದಿದರು. ನೋಟುಬುಕ್ಕಿನ ಪುಟ ತಿರುಗಿಸಿ ಎರಡು ಗೆರೆಗಳನ್ನು ನೋಡಿದರು.

"ಮನೇಲಿ ಮಲಗೆದ್ದು ನಾಳೆ ಬನ್ನಿ. ಆವೇಶದಲ್ಲಿ ಬರೆದಿದೀರಿ."

"ಆವೇಶದಲ್ಲಿ ಬರೆದಿಲ್ಲ ಸಾರ್. ಮೂರು ಸಲ ಬರೆದಿದೀನಿ."

"ಇದು ಮೇಲೆ ಹೋದ್ರೆ..." ಅವರು ಕುರ್ಚಿಯಲ್ಲೇ ಅರ್ಧ ತಿರುಗಿ ಗೋಡೆಯ ಮೇಲಿನ ಜೋಡಿ ಬೆಟ್ಟಗಳನ್ನು ನೋಡಿದರು. "ಇದನ್ನ ಇಳಿಸ್ಬೇಕಾಗುತ್ತೆ."

"ಇಳಿಸಿ ಸಾರ್," ಎಂದಳು. ಮೊಳೆಯ ಎತ್ತರ ನೋಡಿ, "ಸ್ಟೂಲು ತರ್ಲಾ?" ಎಂದೂ ಕೇಳಿದಳು. ತಮಾಷೆಗೆ ಕೇಳಿದ್ದಲ್ಲ, ಹೆದರಿದಾಗ ಅವಳು ಹೀಗೇ ಏನಾದರೂ ಉಪಯೋಗಕ್ಕೆ ಬರಲು ನೋಡುತ್ತಿದ್ದಳು. ಅವರಿಗೆ ಮಾತ್ರ ಸಿಟ್ಟು ಬಂತು.

ಎರಡು ತಿಂಗಳಾಯಿತು. ಅವಳ ಸೇವಾ ಪುಸ್ತಕದಲ್ಲಿ ಛೀಮಾರಿ ದಾಖಲಾಯಿತು, ಯೋಜನೆ ಅವಳಿಗಿಂತ ಮೂರು ವರ್ಷ ಕಿರಿಯನ ಕೈಗೆ ಹೋಯಿತು. ಮೊದಲೇ ಹೇಳಿದ್ದರೆಂದು ಗೊತ್ತಾಗಿ ಮಾವನ ಮೇಲಿನ ಸುಳ್ಳು ದಾಖಲೆಯ ಆರೋಪ ಬಿದ್ದುಹೋಯಿತು. ಆದರೆ ವಿಚಾರಣೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಪತ್ರ ಕೊಟ್ಟರು. ಮೂವತ್ತನಾಲ್ಕು ವರ್ಷದಲ್ಲಿ ಅವರಿಗೆ ಸಿಕ್ಕ ಮೊದಲ ಎಚ್ಚರಿಕೆ. ಅದು ಅವಳ ಪುಟದಿಂದಲೇ ಬಂದದ್ದು. ಅಪ್ಪ ಮತ್ತೆ ಅವಳ ಜೊತೆ ಊಟಕ್ಕೆ ಕೂರುತ್ತಿದ್ದರು, ಆ ಮಾತು ಮಾತ್ರ ಎತ್ತುತ್ತಿರಲಿಲ್ಲ.

ನೀರಿನ ಟ್ಯಾಂಕಿನ ತಿರುವಿನಲ್ಲಿ ಚಾರ್ಜರು ಹಾಕಬಹುದೇ ಎಂದು ಹೊಸದಾಗಿ ನೋಡಬೇಕಿತ್ತು. ಬಿಸಿಲಲ್ಲಿ ನಿಂತು ಎಣಿಸುವ ಕೆಲಸ ಯಾರಿಗೂ ಬೇಕಿರಲಿಲ್ಲ. ಅವಳು ಕೇಳಿ ತೆಗೆದುಕೊಂಡಳು. ವೇಳೆ ದೃಢೀಕರಿಸಲು ಡಿಪೋದಿಂದ ಒಬ್ಬರನ್ನು ಕಳಿಸುತ್ತೇವೆ ಎಂದಿದ್ದರು. ಬಂದವರು ಮಾವ. ಬಗಲಲ್ಲಿ ಒಂದು ಮಡಿಸುವ ಸ್ಟೂಲು ತಂದಿದ್ದರು.

ತಿರುವು ಎಂದರೆ ಅಗಲವಾದ ಒಂದು ಮೂಲೆ. ಒಂದು ಬದಿಗೆ ಟ್ಯಾಂಕಿನ ಕಾಂಪೌಂಡು, ಇನ್ನೊಂದು ಬದಿಗೆ ಮುಚ್ಚಿಹೋದ ಸೌದೆ ಡಿಪೋ, ನಡುವೆ ಬಸ್ಸುಗಳು ಸಾಲಾಗಿ ನಿಲ್ಲಲು ಬೇಕಾದಷ್ಟು ಜಾಗ. ಇಷ್ಟು ವರ್ಷ ಕಣ್ಣೆದುರಿಗೇ ಇತ್ತು. ಬಸ್ಸುಗಳು ಒಂದರ ಹಿಂದೊಂದು ಬಂದು ನಿಂತವು. ಡ್ರೈವರುಗಳು ಬುತ್ತಿ ಬಿಚ್ಚಿದರು.

"ಇಂಜಿನಿಯರಮ್ಮ, ಇವತ್ತು ಕಾಲಂ ಬೇಡ್ವಾ? ಕಣ್ಣಾರೆ ನೋಡಿ ಬರ್ಕೊಳ್ತೀರಾ?" ಎಂದು ಒಬ್ಬ ಕೂಗಿದ.

"ಬಿಡಯ್ಯ, ಉಣ್ಣು," ಎಂದು ಇನ್ನೊಬ್ಬ ಗದರಿದ.

ಅವಳು ಮುಖ ಕೆಳಗೆ ಹಾಕಿ ಬರೆದುಕೊಳ್ಳುತ್ತಿದ್ದಳು. ಮಾವ ಸ್ಟೂಲಿನ ಮೇಲೆ ಕೂತು ಬಸ್ಸಿನ ನಂಬರು ಮತ್ತು ವೇಳೆ ಹೇಳುತ್ತಿದ್ದರು, ಬೇರೊಂದು ಮಾತಿಲ್ಲದೆ. ಹನ್ನೆರಡೂ ಬಸ್ಸು ಬಂದು, ನಿಂತು, ಹೊರಟವು. ಕೆಲಸ ಮುಗಿಯಿತು. ಅವಳು ಅಳತೆಯ ಟೇಪು ಸುತ್ತುತ್ತಿದ್ದಾಗ ಮಾವ ಟ್ಯಾಂಕಿನ ಕಡೆ ಗದ್ದ ಎತ್ತಿ ತೋರಿಸಿದರು.

"ಮೂರು ಗಂಟೆ ಹೊತ್ತಿಗೆ ಅದರ ನೆರಳು ಈ ಕಡೆ ಬೀಳುತ್ತೆ. ಚಾವಣಿ ಎಲ್ಲಿ ಹಾಕ್ತೀರಿ ನೋಡ್ಕೊಳ್ಳಿ."

ಗಂಟೆ ಎರಡೂವರೆ ಆಗಿತ್ತು. ಬೆಳಿಗ್ಗೆಯಿಂದ ನಿಂತ ಕಾಲು ಕಂಬವಾಗಿತ್ತು. ಅವಳು ನೋಟುಬುಕ್ಕು ತೆರೆದು 'ನೆರಳು' ಎಂದು ಬರೆದು, ಮುಂದಿನ ಪದಕ್ಕೆ ಪೆನ್ನು ಊರಿದವಳು ಹಾಗೇ ನಿಂತಳು. ನೋಟುಬುಕ್ಕು ಮುಚ್ಚಿ, ಮಾವ ತೋರಿಸಿದ ಕಡೆ ಹೋಗಿ, ಕೊಡೆ ಬಿಚ್ಚಿಕೊಂಡು ಕಾದಳು.

ಮಾವ ಹೋಗಬಹುದಿತ್ತು. ಹೋಗಲಿಲ್ಲ. ಸ್ಟೂಲು ಎತ್ತಿಕೊಂಡು ಬಂದು ಎರಡು ಮಾರು ಆಚೆ ಇಟ್ಟು ಕೂತರು. ಟ್ಯಾಂಕಿನ ದುಂಡು ನೆರಳು ಕಾಂಪೌಂಡು ದಾಟಿತು, ಕಲ್ಲಿನ ಅಂಚು ಹತ್ತಿತು, ಇರುವೆಯಷ್ಟೇ ನಿಧಾನವಾಗಿ ರಸ್ತೆಗೆ ಇಳಿಯಿತು. ಅದರ ತುದಿ ಬಂದು ಅವಳ ಚಪ್ಪಲಿಯ ಹೆಬ್ಬೆರಳು ಮುಟ್ಟಿದಾಗ, ಕೈಯಲ್ಲೇ ಗಡಿಯಾರವಿದ್ದರೂ ಅವಳು ಕೇಳಿದಳು:

"ಮಾವ, ಎಷ್ಟು ಗಂಟೆ?"

ಮಾವನ ಅಂಗೈ ಅಭ್ಯಾಸಬಲದಿಂದ ಕೈಗಡಿಯಾರದ ಮೇಲೆ ಹೋಯಿತು. ಅಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಕೈ ತೆಗೆದು, ಗಡಿಯಾರವನ್ನು ಕಣ್ಣಿನ ಹತ್ತಿರ ತಂದು ನೋಡಿದರು.

"ಮೂರು ಗಂಟೆ ಎರಡು ನಿಮಿಷ," ಎಂದರು. "ಬರ್ಕೊಳ್ಳಿ, ಮೇಡಂ."

ಅವಳು ಬರೆದುಕೊಂಡಳು.